ಬ್ರೇಕಿನ ಪೆಡಲು ಮೆತ್ತಗಾದಾಗ

ತಂದೆಯ ಕಾಲದ ಮೋಟಾರು ಗಾಡಿಯನ್ನು ಮಾರಲು ಮನಸ್ಸು ಬಾರದೆ, ಹಸುವನ್ನು ಸಾಕುವಂತೆ ಅದನ್ನು ಸಾಕಿಕೊಂಡಿರುವ ಗೃಹಸ್ಥರು ನಮ್ಮ ಊರುಗಳಲ್ಲಿ ಇನ್ನೂ ಅಲ್ಲಲ್ಲಿ ಇದ್ದಾರೆ. ಪದ್ಮಿನಿ ಎಂಬ ಹೆಸರಿನ ಗಾಡಿಯು ಇಂಥ ಮನೆಗಳಲ್ಲಿ ವಿಶೇಷವಾಗಿ ಕಾಣಬರುವುದು. ಮುಂಬಯಿಯ ಬೀದಿಗಳಲ್ಲಿ ಬಾಡಿಗೆಗೆ ಓಡುತ್ತಿದ್ದ ಪದ್ಮಿನಿಗಳು ೨೦೨೩ನೆಯ ಇಸವಿಯ ಅಕ್ಟೋಬರ್ ತಿಂಗಳಲ್ಲಿ ಅಲ್ಲಿಂದ ನಿಷ್ಕ್ರಮಿಸಿದುವು. ಆದರೆ ನಮ್ಮ ಕಡೆ ಮನೆಯ ಮುಂದಿನ ನೆರಳಿನಲ್ಲಿ ನಿಂತು, ಹಬ್ಬಹರಿದಿನಗಳಲ್ಲಿ ಹೂವಿನ ಹಾರ ಹಾಕಿಸಿಕೊಳ್ಳುವ ಪದ್ಮಿನಿಗಳು ಕೆಲವು ಉಳಿದುಕೊಂಡಿವೆ. ಈ ಗಾಡಿಗೆ ನಾಲ್ಕು ಚಕ್ರಗಳಲ್ಲಿಯೂ ಡ್ರಮ್ ಬ್ರೇಕು. ಈಗಿನ ರಸ್ತೆಗಳ ವೇಗವನ್ನೂ ಸಂದಣಿಯನ್ನೂ ಕಂಡ ಯಜಮಾನರಿಗೆ, ಮುಂದಿನ ಎರಡು ಚಕ್ರಗಳಿಗಾದರೂ ಈಚಿನ ಗಾಡಿಗಳಲ್ಲಿರುವಂತೆ ಡಿಸ್ಕ್ ಬ್ರೇಕನ್ನು ಹಾಕಿಸೋಣವೆಂಬ ಇಚ್ಛೆ ಹುಟ್ಟುವುದು ಸಹಜ. ಇಚ್ಛೆಯೇನೋ ಒಳ್ಳೆಯದೇ. ಆದರೆ ಸಾವಿರಾರು ರೂಪಾಯಿಗಳನ್ನು ತೆತ್ತು, ಹೊಸ ಬ್ರೇಕು ಹಾಕಿಸಿಕೊಂಡು ಮನೆಗೆ ತಂದು, ಕಾಲಿಟ್ಟು ನೋಡುವಲ್ಲಿ ಪೆಡಲು ಮೊದಲಿಗಿಂತಲೂ ಮೆತ್ತಗಾಗಿರುವುದು! ಬಲವರ್ಧನೆಗೆಂದು ಕೊಟ್ಟ ಔಷಧವೇ ನಿಶ್ಶಕ್ತಿಯನ್ನು ತಂದಂತೆ ಯಜಮಾನರು ಕಂಗೆಡುವರು. ಷೆಡ್ಡಿನವರನ್ನು ಕೇಳಿದರೆ, "ಹೊಸದು ಸ್ವಾಮೀ, ನಾಲ್ಕು ದಿನ ಓಡಿಸಿ, ತಾನೇ ಗಟ್ಟಿಯಾಗತ್ತೆ" ಎಂಬ ಉತ್ತರ ಸಿದ್ಧವಾಗಿರುತ್ತದೆ.

ಈ ಉತ್ತರವನ್ನು ಒಪ್ಪಿಕೊಂಡು ಹೆಂಡಿರು ಮಕ್ಕಳನ್ನು ಕೂರಿಸಿಕೊಂಡು ಹೊರಡಕೂಡದೆಂಬುದನ್ನೂ, ಮೆತ್ತಗಾದ ಪೆಡಲಿನ ಕಾರಣವನ್ನು ಯಂತ್ರವಿದ್ಯೆಯನ್ನು ಓದದ ಗೃಹಸ್ಥನೂ ತನ್ನ ಪಾದದಿಂದಲೇ ಬಹುಮಟ್ಟಿಗೆ ಗುರುತಿಸಬಹುದೆಂಬುದನ್ನೂ ವಾಚಕರಿಗೆ ನಿವೇದಿಸುವುದು ಈ ಲೇಖನದ ಉದ್ದೇಶ. "ಮೆತ್ತಗೆ" ಎಂಬುದು ಶಬ್ದ ಒಂದಾದರೂ ಅರ್ಥ ಮೂರು. ಅನೇಕಾರ್ಥವುಳ್ಳ ಪದಕ್ಕೆ ಪ್ರಕರಣವನ್ನು ನೋಡಿ ಅರ್ಥ ಹೇಳಬೇಕೆಂದು ನಾವು ಹುಡುಗರಿಗೆ ಪಾಠ ಹೇಳುತ್ತಿದ್ದೆವಷ್ಟೆ. ಇಲ್ಲಿಯೂ ಅದೇ ನ್ಯಾಯ. ಮೂರು ಬೇರೆ ಬೇರೆ ರೋಗಗಳಿಗೆ ಒಂದೇ ಹೆಸರನ್ನಿಟ್ಟು ಒಂದೇ ಕಷಾಯವನ್ನು ಕುಡಿಸುತ್ತಿರುವುದರಿಂದಲೇ ವಾರಗಟ್ಟಲೆ ಗಾಡಿಯು ಷೆಡ್ಡಿನಲ್ಲಿ ನಿಲ್ಲುವುದೂ, ಸೀಸೆಗಟ್ಟಲೆ ಬ್ರೇಕ್ ಆಯಿಲು ವ್ಯರ್ಥವಾಗುವುದೂ ಆಗುತ್ತಿದೆ.

ಮೊದಲು ಈ ಯಂತ್ರದ ತತ್ತ್ವವನ್ನು ಸಂಕ್ಷೇಪವಾಗಿ ತಿಳಿಯೋಣ. ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಒಂದೆಡೆಯಲ್ಲಿ ಒತ್ತಡ ಹಾಕಿದರೆ ಅದು ಎಲ್ಲ ಕಡೆಗೂ ಸಮನಾಗಿ ಹರಡುವುದೆಂದು ಫ್ರಾನ್ಸ್ ದೇಶದ ಪ್ಯಾಸ್ಕಲ್ ಎಂಬ ಪಂಡಿತನು ನಿರೂಪಿಸಿದನು. ಆತನು ೧೬೬೨ರಲ್ಲಿ ತೀರಿಕೊಂಡ ಮರುವರ್ಷ ಆ ಗ್ರಂಥವು ಅಚ್ಚಾಯಿತು. ಅದಾಗಿ ಎರಡೂವರೆ ಶತಮಾನಗಳ ತರುವಾಯ, ೧೯೨೧ರಲ್ಲಿ, ಅಮೆರಿಕದ ಡ್ಯೂಸನ್‌ಬರ್ಗ್ ಎಂಬ ಗಾಡಿಯ ನಾಲ್ಕು ಚಕ್ರಗಳಿಗೂ ಈ ತತ್ತ್ವದ ಬ್ರೇಕು ಬಂದಿತು. ಚಾಲಕನು ಪೆಡಲನ್ನು ಒತ್ತಿದಾಗ ಮಾಸ್ಟರ್ ಸಿಲಿಂಡರ್ ಎಂಬ ಕೊಳವೆಯೊಳಗಿನ ಪಿಸ್ಟನ್ನು ಮುಂದೆ ಸರಿದು ದ್ರವವನ್ನು ಪೈಪುಗಳ ಮೂಲಕ ನಾಲ್ಕು ಚಕ್ರಗಳ ಕಡೆಗೂ ನೂಕುತ್ತದೆ. ಡ್ರಮ್ ಬ್ರೇಕಿನಲ್ಲಿ ಆ ದ್ರವವು ಎರಡು ಷೂಗಳನ್ನು ಹೊರಕ್ಕೆ ಅಗಲಿಸಿ, ತಿರುಗುವ ಡ್ರಮ್ಮಿನ ಒಳಮೈಗೆ ಒತ್ತುವುದು. ಡಿಸ್ಕ್ ಬ್ರೇಕಿನಲ್ಲಿ ಕ್ಯಾಲಿಪರ್ ಎಂಬ ಹಿಡಿಯೊಂದು ಎರಡು ಪ್ಯಾಡುಗಳಿಂದ, ಚಕ್ರದೊಡನೆ ತಿರುಗುವ ತಟ್ಟೆಯನ್ನು ಎರಡು ಕಡೆಯಿಂದಲೂ ಅಡಕೆಯನ್ನು ಅಡಕತ್ತರಿ ಹಿಡಿದಂತೆ ಹಿಡಿಯುವುದು. ತಟ್ಟೆಯು ಗಾಳಿಗೆ ತೆರೆದಿರುವುದರಿಂದ ಬೇಗ ಆರುತ್ತದೆ. ಇದೇ ಅದರ ಹೆಚ್ಚುಗಾರಿಕೆ. ೧೯೫೩ರಲ್ಲಿ ಫ್ರಾನ್ಸಿನ ಲೆ ಮಾನ್ ಎಂಬಲ್ಲಿ ನಡೆದ ಇಪ್ಪತ್ತನಾಲ್ಕು ಗಂಟೆಗಳ ಪಂದ್ಯವನ್ನು ಡಿಸ್ಕ್ ಬ್ರೇಕುಳ್ಳ ಜಾಗ್ವಾರ್ ಗಾಡಿ ಗೆದ್ದ ಮೇಲೆ ಇದರ ಕೀರ್ತಿ ಹಬ್ಬಿತು.

ದ್ರವವು ಅದುಮಿದರೆ ಕುಗ್ಗುವುದಿಲ್ಲ, ಗಾಳಿಯು ಕುಗ್ಗುವುದು. ಈ ಒಂದು ಭೇದವನ್ನು ನೆನಪಿನಲ್ಲಿಟ್ಟುಕೊಂಡರೆ ಸಾಕು, ಮುಂದಿನದೆಲ್ಲವೂ ತಾನಾಗಿ ವಿಶದವಾಗುವುದು.

ಇನ್ನು ಪಾದಪರೀಕ್ಷೆ. ಗಾಡಿಯನ್ನು ಸಮತಟ್ಟಾದ ನೆಲದ ಮೇಲೆ ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಟ್ಟು, ಇಂಜಿನನ್ನು ಆರಿಸಿ, ಪೆಡಲನ್ನು ನಿಧಾನವಾಗಿ ಒತ್ತಬೇಕು. ಒತ್ತಿದಷ್ಟೂ ಹತ್ತಿಯ ದಿಂಬಿನಂತೆ ಇಳಿಯುತ್ತ, ಕಾಲು ಸಡಿಲಿಸಿದರೆ ಮತ್ತೆ ಮೇಲಕ್ಕೆ ಪುಟಿಯುತ್ತ, ಎಲ್ಲಿಯೂ ನೆಲೆ ಸಿಕ್ಕದಂತಿದ್ದರೆ ಅದು ಮೊದಲನೆಯ ಬಗೆ: ಎಲ್ಲಿಯೋ ಗಾಳಿಯಿದೆ, ಅಥವಾ ಯಾವುದೋ ಒಂದು ಭಾಗವು ರಬ್ಬರಿನಂತೆ ಹಿಗ್ಗುತ್ತಿದೆ. ಪೆಡಲು ಬಹು ದೂರ ಕೆಳಕ್ಕೆ ಹೋಗಿ, ಆಮೇಲೆ ಕಲ್ಲಿನಂತೆ ಗಟ್ಟಿಯಾಗಿ ನಿಂತರೆ ಅದು ಎರಡನೆಯದು: ಗಾಳಿಯಲ್ಲ, ಚಕ್ರದ ಬಳಿ ತುಂಬಬೇಕಾದ ಅಂತರವು ಹೆಚ್ಚಾಗಿದೆ, ಇಲ್ಲವೆ ಮಾಸ್ಟರ್ ಸಿಲಿಂಡರು ಒಮ್ಮೆಗೆ ನೂಕುವ ದ್ರವವು ಸಾಲದಾಗಿದೆ. ಮೊದಲು ಗಟ್ಟಿಯಾಗಿ ನಿಂತು, ಕಾಲನ್ನು ಅಲ್ಲಿಯೇ ಇಟ್ಟುಕೊಂಡಿದ್ದರೆ ಸ್ವಲ್ಪ ಸ್ವಲ್ಪವಾಗಿ ಕೆಳಕ್ಕೆ ಕುಸಿಯುತ್ತ ಹೋದರೆ ಮೂರನೆಯದು: ಎಲ್ಲಿಯೋ ಸೋರುತ್ತಿದೆ. ಹೊರಗೆ ತೇವ ಕಾಣದಿದ್ದರೂ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರನ್ನು ದಾಟಿ ದ್ರವವು ಹಿಂದಕ್ಕೆ ಜಾರುತ್ತಿರಬಹುದು. ಈ ಮೂರನೆಯದನ್ನು ಕಂಡ ಗಾಡಿಯನ್ನು ಬೀದಿಯ ಕೊನೆಯವರೆಗೂ ಓಡಿಸಬಾರದು. ಹಳೆಯ ಗಾಡಿಗಳಲ್ಲಿ ಅನೇಕಕ್ಕೆ ನಾಲ್ಕು ಚಕ್ರಗಳಿಗೂ ಸೇರಿ ದ್ರವದ ದಾರಿ ಒಂದೇ. ಒಂದು ಕಡೆ ಸೋರಿದರೆ ನಾಲ್ಕೂ ಹೋದಂತೆ.

ಇಲ್ಲಿ ಒಂದು ಮಾತು. ಹೊಸ ಬ್ರೇಕಿನೊಡನೆ ಕೆಲವರು ಸರ್ವೋ ಎಂಬ ಸಹಾಯಕ ಡಬ್ಬಿಯನ್ನೂ ಸೇರಿಸುವರು. ಇದು ಇಂಜಿನ್ನಿನ ಹೀರುವಿಕೆಯಿಂದ ಕೆಲಸಮಾಡಿ ಕಾಲಿನ ಶ್ರಮವನ್ನು ತಗ್ಗಿಸುವುದು. ಇಂಜಿನನ್ನು ಆರಿಸಿ ನಾಲ್ಕೈದು ಬಾರಿ ಪೆಡಲು ಒತ್ತಿ, ಒತ್ತಿಕೊಂಡೇ ಇದ್ದು ಇಂಜಿನನ್ನು ಚಾಲೂ ಮಾಡಿದಾಗ ಪೆಡಲು ಒಂದಿಷ್ಟು ಇಳಿದರೆ ಸರ್ವೋ ಸರಿಯಾಗಿದೆಯೆಂದು ಅರ್ಥ. ಅದನ್ನು ಮೂರನೆಯ ಬಗೆಯ ಕುಸಿತವೆಂದು ಭ್ರಮಿಸಿ ಹೆದರಬೇಕಾಗಿಲ್ಲ.

ನಮ್ಮ ನೆರೆಮನೆಯಲ್ಲಿ ಅಂಚೆ ಇಲಾಖೆಯಿಂದ ನಿವೃತ್ತರಾದ ಒಬ್ಬ ಮಹನೀಯರಿದ್ದಾರೆ. ಅವರ ಪದ್ಮಿನಿಗೆ ಮೈಸೂರಿನಲ್ಲಿಯೇ ಒಂದು ಷೆಡ್ಡಿನಲ್ಲಿ ಮುಂದಿನ ಚಕ್ರಗಳಿಗೆ ಡಿಸ್ಕುಗಳನ್ನು ಕೂರಿಸಿದರು. ಪೆಡಲು ಮೊದಲನೆಯ ಬಗೆಯಲ್ಲಿ ಮೆತ್ತಗಿತ್ತು. ಎರಡು ಸಲ ಒತ್ತಿದರೆ ಗಾಡಿಯು ನಿಲ್ಲುತ್ತಿದ್ದುದರಿಂದ ಷೆಡ್ಡಿನವರ ಮಾತನ್ನು ನಂಬಿ ಒಂದು ಶುಕ್ರವಾರ ಪತ್ನಿಯನ್ನೂ ಮೊಮ್ಮಗಳನ್ನೂ ಕರೆದುಕೊಂಡು ಚಾಮುಂಡಿಬೆಟ್ಟಕ್ಕೆ ಹೋದರು. ಹತ್ತುವಾಗ ಬ್ರೇಕಿನ ಗೊಡವೆಯೇನಿದೆ! ಇಳಿಯುವಾಗ ಮೂರು ನಾಲ್ಕು ತಿರುವುಗಳನ್ನು ದಾಟುವಷ್ಟರಲ್ಲಿ ಒಂದು ಒತ್ತಿಗೆ ಪೆಡಲು ಪೂರ್ತಿ ಕೆಳಕ್ಕೆ ಹೋಗಿ ತಳವನ್ನು ಮುಟ್ಟಿತು. ಪುಣ್ಯಕ್ಕೆ ಅವರು ಹಳೆಯ ಕಾಲದ ಚಾಲಕರು. ಇಳಿಜಾರಿನಲ್ಲಿ ಗೇರನ್ನು ಕೆಳಗಿಟ್ಟುಕೊಂಡೇ ಬರುವ ಅಭ್ಯಾಸವಿತ್ತು. ಕೂಡಲೆ ಮೊದಲನೆಯ ಗೇರಿಗೆ ಇಳಿಸಿ, ಕೈ ಬ್ರೇಕನ್ನು ಎಳೆಯುತ್ತ, ಬೆಟ್ಟದ ಕಡೆಯ ಮೋರಿಯ ಅಂಚಿಗೆ ಚಕ್ರವನ್ನು ತಾಗಿಸಿ ನಿಲ್ಲಿಸಿದರು. ಮೊಮ್ಮಗಳಿಗೆ ಏನೂ ತಿಳಿಯಲಿಲ್ಲ. ಕೋತಿಗಳನ್ನು ತೋರಿಸಲು ತಾತ ಗಾಡಿ ನಿಲ್ಲಿಸಿದರೆಂದು ಎಣಿಸಿದಳಂತೆ. "ಮೇಷ್ಟ್ರೇ, ಆಮೇಲೆ ಅರ್ಧ ಗಂಟೆ ನನ್ನ ಕಾಲು ನಡುಗುತ್ತಲೇ ಇತ್ತು" ಎಂದು ಅವರು ನನ್ನೊಡನೆ ಹೇಳಿದರು.

ಇಳಿಜಾರಿನಲ್ಲಿ ನಡೆಯುವುದೇನೆಂಬುದನ್ನು ಮನೆಮಾತಿನ ಲೆಕ್ಕದಲ್ಲಿ ಹೇಳುತ್ತೇನೆ. ಜನರೂ ಸೇರಿ ೧,೨೦೦ ಕಿಲೋಗ್ರಾಂ ತೂಗುವ ಗಾಡಿಯು ೨೫೦ ಮೀಟರ್ ಎತ್ತರದಿಂದ ಬರಿಯ ಬ್ರೇಕಿನ ಆಧಾರದಲ್ಲಿಯೇ ಇಳಿದರೆ, ಒಂಬತ್ತು ಲೀಟರು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರುವಷ್ಟು ಶಾಖವು ಆ ಬ್ರೇಕುಗಳಲ್ಲಿ ಹುಟ್ಟುತ್ತದೆ. ಅಂದರೆ ಒಂದು ಹಂಡೆಯ ಒಲೆಯನ್ನೇ ಚಕ್ರಗಳಲ್ಲಿ ಹೊತ್ತಿಸಿದಂತೆ. ಆ ಶಾಖವು ದ್ರವಕ್ಕೂ ತಗಲಿ, ಅದರಲ್ಲಿ ಸೇರಿಕೊಂಡಿರುವ ನೀರಿನ ಅಂಶವು ಆವಿಯಾದರೆ ಆವಿಯೂ ಗಾಳಿಯಂತೆಯೇ ಕುಗ್ಗುವ ವಸ್ತುವಷ್ಟೆ. ಪೆಡಲು ತಳ ಹಿಡಿಯುವುದು. ಮೊದಲೇ ಗಾಳಿ ತುಂಬಿದ್ದ ಗಾಡಿಗೆ ಇದೂ ಸೇರಿದರೆ ಹೇಳತಕ್ಕದ್ದೇನು?

ಆ ಗಾಡಿಯನ್ನು ಎಳೆಸಿಕೊಂಡು ಬಂದ ಮೇಲೆ ಅದೇ ಷೆಡ್ಡಿನಲ್ಲಿ ಮೂರು ಸಲ "ಏರ್" ತೆಗೆದರು. ಮೂರು ಸೀಸೆ ದ್ರವ ಖರ್ಚಾಯಿತು. ಪೆಡಲು ಹಾಗೆಯೇ ಇತ್ತು. ಮಾಸ್ಟರ್ ಸಿಲಿಂಡರನ್ನೇ ಬದಲಾಯಿಸಬೇಕೆಂದು ಅವರು ತೀರ್ಮಾನಿಸಿದಾಗ ನೆರೆಯವರು ಬೇಸತ್ತು ಬೇರೊಂದು ಕಡೆಗೆ ಗಾಡಿಯನ್ನು ಒಯ್ದರು; ನಾನೂ ಜೊತೆಯಲ್ಲಿ ಹೋಗಿದ್ದೆನು. ಅಲ್ಲಿಯ ಹಿರಿಯ ಮೇಸ್ತ್ರಿ ಸಾಹೇಬರು ಪೆಡಲನ್ನು ಮುಟ್ಟುವ ಮೊದಲು ಮುಂದಿನ ಚಕ್ರವನ್ನು ಬಿಚ್ಚಿ, ನೆಲದ ಮೇಲೆ ಕುಳಿತು, ಸ್ವಲ್ಪ ಹೊತ್ತು ಸುಮ್ಮನೆ ನೋಡಿದರು. ಆಮೇಲೆ ನಕ್ಕು, "ಸ್ವಾಮೀ, ಗಾಳಿ ಹೋಗೋ ಬಾಗಿಲು ನೆಲದ ಕಡೆ ಇದೆ. ಗಾಳಿ ಮೇಲೆ ಕೂತಿದೆ. ಎಷ್ಟು ಆಯಿಲ್ ಸುರಿದರೂ ಅದು ಹೋಗೋದು ಹ್ಯಾಗೆ?" ಎಂದರು.

ಸಂಗತಿಯೇನೆಂದರೆ, ಪ್ರತಿ ಕ್ಯಾಲಿಪರಿನಲ್ಲಿಯೂ ಗಾಳಿ ತೆಗೆಯಲು ಒಂದು ಸಣ್ಣ ನಿಪ್ಪಲ್ಲು ಇರುತ್ತದೆ. ಅದು ಕ್ಯಾಲಿಪರಿನ ಅತ್ಯಂತ ಮೇಲಿನ ಭಾಗದಲ್ಲಿರಬೇಕು. ಎಡಗಡೆಯ ಕ್ಯಾಲಿಪರನ್ನು ಬಲಕ್ಕೂ ಬಲಗಡೆಯದನ್ನು ಎಡಕ್ಕೂ ಕೂರಿಸಿದರೆ ಮೊಳೆಗಳೆಲ್ಲ ಸರಿಯಾಗಿ ಹೊಂದಿಕೊಳ್ಳುವುವು, ನೋಡುವುದಕ್ಕೂ ಲೋಪ ಕಾಣದು. ಆದರೆ ನಿಪ್ಪಲ್ಲು ಕೆಳಗಾಗಿಬಿಡುವುದು. ದ್ರವವು ಅದರ ಮೂಲಕ ಹೊರಕ್ಕೆ ಹರಿಯುತ್ತಿದ್ದರೂ ಮೇಲುಗಡೆ ಸೇರಿಕೊಂಡ ಗಾಳಿಯ ಗುಳ್ಳೆಯು ತನ್ನ ಪಾಡಿಗೆ ತಾನು ಕುಳಿತಿರುವುದು. ನಮ್ಮ ವೈಶೇಷಿಕ ಶಾಸ್ತ್ರಕಾರರು ಅಗ್ನಿಗೆ ಊರ್ಧ್ವಗತಿಯನ್ನೂ ವಾಯುವಿಗೆ ತಿರ್ಯಗ್ಗತಿಯನ್ನೂ ಹೇಳಿದ್ದಾರೆ. ದ್ರವದೊಳಗೆ ಸಿಕ್ಕಿದ ವಾಯುವಿಗಂತೂ ಊರ್ಧ್ವಗತಿಯೇ ಗತಿ. ಮೇಸ್ತ್ರಿಗಳು ಎರಡು ಕ್ಯಾಲಿಪರುಗಳನ್ನೂ ಅದಲುಬದಲು ಮಾಡಿ, ಒಂದೇ ಸಲ ಗಾಳಿ ತೆಗೆದರು. ದಿಂಬಿನಂತಿದ್ದ ಪೆಡಲು ನೆಲೆಗೊಂಡಿತು. ಡಿಸ್ಕು ಹಾಕಿಸಿದ ಮರುದಿನವೇ ಪೆಡಲು ಮೆತ್ತಗಾದವರು ಮತ್ತಾವುದನ್ನೂ ಕೇಳುವ ಮುನ್ನ ನಿಪ್ಪಲ್ಲುಗಳು ಆಕಾಶವನ್ನು ನೋಡುತ್ತಿವೆಯೋ ಭೂಮಿಯನ್ನು ನೋಡುತ್ತಿವೆಯೋ ಎಂಬುದನ್ನು ಬಗ್ಗಿ ನೋಡಿಕೊಳ್ಳತಕ್ಕದ್ದು. ಇದಕ್ಕೆ ಕಾಸೂ ಖರ್ಚಿಲ್ಲ.

ಗಾಳಿ ತೆಗೆಯುವ ಕ್ರಮದಲ್ಲಿಯೂ ಕೆಲವು ಸೂಕ್ಷ್ಮಗಳಿವೆ. ಇಬ್ಬರು ಬೇಕು, ಒಬ್ಬನು ಪೆಡಲಿನ ಬಳಿ, ಇನ್ನೊಬ್ಬನು ಚಕ್ರದ ಬಳಿ. ನಿಪ್ಪಲ್ಲಿಗೆ ಪಾರದರ್ಶಕವಾದ ಸಣ್ಣ ಕೊಳವೆಯೊಂದನ್ನು ಸಿಕ್ಕಿಸಿ, ಅದರ ತುದಿಯನ್ನು ಸ್ವಲ್ಪ ಹೊಸ ದ್ರವವಿರುವ ಗಾಜಿನ ಸೀಸೆಯಲ್ಲಿ ಮುಳುಗಿಸಬೇಕು. ಪೆಡಲಿನವನು ನಿಧಾನವಾಗಿ ಒತ್ತಿ ಹಿಡಿದು "ಹ್ಞೂ" ಎನ್ನಲು, ಚಕ್ರದವನು ನಿಪ್ಪಲ್ಲನ್ನು ಸಡಿಲಿಸಿ, ಗುಳ್ಳೆಗಳು ಹೊರಟ ಬಳಿಕ ಬಿಗಿಮಾಡಿ "ಬಿಡು" ಎನ್ನಬೇಕು. ಬಿಗಿಮಾಡುವ ಮುನ್ನ ಕಾಲು ತೆಗೆದರೆ ಹೊರಗಿನ ಗಾಳಿಯೇ ಒಳಕ್ಕೆ ಹೋಗುವುದು. ಅವಸರದಿಂದ ದಬದಬನೆ ಒತ್ತುವುದು ಅನೇಕರ ಅಭ್ಯಾಸ. ಇದರಿಂದ ದೊಡ್ಡ ಗುಳ್ಳೆಗಳು ಒಡೆದು ಮಜ್ಜಿಗೆಯ ನೊರೆಯಂತಾಗಿ, ಹೊರಬರಲು ಮತ್ತಷ್ಟು ಹೊತ್ತು ಹಿಡಿಯುವುದು. ಸಾಮಾನ್ಯವಾಗಿ ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ ಮೊದಲುಮಾಡಿ ಹತ್ತಿರದ್ದನ್ನು ಕೊನೆಯಲ್ಲಿ ಮುಗಿಸುವರು. ಗಾಡಿಯ ಪುಸ್ತಕದಲ್ಲಿ ಬೇರೆ ಕ್ರಮವಿದ್ದರೆ ಅದೇ ಪ್ರಮಾಣ. ಮೇಲಿನ ಡಬ್ಬಿಯಲ್ಲಿ ದ್ರವವು ಬತ್ತದಂತೆ ನಡುನಡುವೆ ತುಂಬುತ್ತಿರಬೇಕು. ಒಮ್ಮೆ ಬತ್ತಿದರೆ ಎಲ್ಲವನ್ನೂ ಮೊದಲಿನಿಂದ ಮಾಡಬೇಕಾಗುವುದು. ಸೀಸೆಗೆ ಬಿದ್ದ ದ್ರವವನ್ನು ಜಿಪುಣತನದಿಂದ ಮತ್ತೆ ಡಬ್ಬಿಗೆ ಸುರಿಯಬಾರದು.

ಹಳೆಯ ಮಾಸ್ಟರ್ ಸಿಲಿಂಡರನ್ನೇ ಉಳಿಸಿಕೊಂಡಿದ್ದರೆ ಇನ್ನೊಂದು ಎಚ್ಚರಿಕೆ ಬೇಕು. ಪ್ರತಿದಿನವೂ ಪಿಸ್ಟನ್ನು ಓಡಾಡುವ ಮೊದಲರ್ಧ ಭಾಗ ನುಣುಪಾಗಿರುತ್ತದೆ. ಅದರಾಚೆಗಿನ ಭಾಗದಲ್ಲಿ ವರ್ಷಗಳಿಂದ ಕಿಲುಬೂ ತುಕ್ಕೂ ಕುಳಿತಿರುತ್ತದೆ. ಗಾಳಿ ತೆಗೆಯುವಾಗ ಪೆಡಲನ್ನು ತಳದವರೆಗೆ ತುಳಿದರೆ ರಬ್ಬರು ಆ ಒರಟಿನ ಮೇಲೆ ಉಜ್ಜಿ ಹರಿಯುವುದು. ಅಲ್ಲಿಗೆ ಮೊದಲನೆಯ ರೋಗಕ್ಕೆ ಮಾಡಿದ ಚಿಕಿತ್ಸೆಯಿಂದ ಮೂರನೆಯ ರೋಗವು ಹುಟ್ಟಿತು! ಪೆಡಲಿನ ಕೆಳಗೆ ಒಂದು ಮರದ ತುಂಡನ್ನಿಟ್ಟುಕೊಂಡರೆ ಈ ಅಪಾಯವಿಲ್ಲ. ಹೊಸ ಮಾಸ್ಟರ್ ಸಿಲಿಂಡರನ್ನು ಹಾಕುವುದಾದರೆ, ಗಾಡಿಗೆ ಕೂರಿಸುವ ಮೊದಲೇ ಮೇಜಿನ ಮೇಲಿಟ್ಟು ದ್ರವ ತುಂಬಿ ಅದರೊಳಗಿನ ಗಾಳಿಯನ್ನು ಕಳೆಯಬೇಕು.

ಗಾಳಿಯೆಲ್ಲ ಹೋಗಿಯೂ ದಿಂಬಿನ ಗುಣ ಉಳಿದಿದ್ದರೆ ಚಕ್ರದ ಬಳಿಯ ರಬ್ಬರು ಹೋಸುಗಳ ಮೇಲೆ ಸಂದೇಹಪಡಬೇಕು. ಡಿಸ್ಕುಗಳನ್ನು ಹೊಸದಾಗಿ ಹಾಕಿ, ಮೂವತ್ತು ವರ್ಷದ ಹೋಸುಗಳನ್ನು ಹಾಗೆಯೇ ಬಿಡುವುದು ಹೊಸ ಪಂಚೆಗೆ ಹಳೆಯ ತೇಪೆ ಹಾಕಿದಂತೆ. ಒಬ್ಬರು ಬಲವಾಗಿ ಪೆಡಲು ಒತ್ತಿರಲು ಮತ್ತೊಬ್ಬರು ಹೋಸನ್ನು ಬೆರಳುಗಳಿಂದ ಹಿಡಿದರೆ ಅದು ಉಬ್ಬುವುದು ತಿಳಿಯುವುದು. ಮೇಸ್ತ್ರಿಗಳ ಬಳಿ ಹೋಸನ್ನು ಗಾಯವಾಗದಂತೆ ಅದುಮುವ ಹಿಡಿಕೆಯೊಂದಿರುತ್ತದೆ. ಒಂದೊಂದು ಹೋಸನ್ನೂ ಅದರಿಂದ ಅದುಮಿ ಪೆಡಲನ್ನು ಒತ್ತಿದರೆ, ಯಾವುದನ್ನು ಅದುಮಿದಾಗ ಪೆಡಲು ಗಟ್ಟಿಯಾಗುವುದೋ ಆ ಚಕ್ರದಲ್ಲಿ ದೋಷವಿದೆ. ಈ ಪರೀಕ್ಷೆಯನ್ನು ಬಿರುಕುಬಿಟ್ಟ ಹೋಸಿನ ಮೇಲೆ ಮಾಡಬಾರದು. ಅಂಥದನ್ನು ಪರೀಕ್ಷೆಯಿಲ್ಲದೆಯೇ ಎಸೆಯತಕ್ಕದ್ದು.

ಈಗ ಎರಡನೆಯ ಬಗೆಗೆ ಬರೋಣ. ನೆರೆಯವರ ಗಾಡಿಯಲ್ಲಿ ಗಾಳಿ ಹೋದ ಮೇಲೂ ಪೆಡಲು ಗಟ್ಟಿಯಾಗಿ ನಿಲ್ಲುತ್ತಿತ್ತಾದರೂ ಬಹಳ ಕೆಳಗೆ ನಿಲ್ಲುತ್ತಿತ್ತು. ಮೇಸ್ತ್ರಿಗಳು ಹಿಂದಿನ ಚಕ್ರಗಳನ್ನು ಎತ್ತಿ ಕೈಯಿಂದ ತಿರುಗಿಸಿದರು. ಡ್ರಮ್ಮಿನೊಳಗಿನ ಷೂಗಳು ಬಹು ಹಿಂದೆ ಸರಿದಿದ್ದುವು. ಮುಂದಿನ ಹೊಸ ಬ್ರೇಕಿನ ಸಂಭ್ರಮದಲ್ಲಿ ಹಿಂದಿನ ಹಳೆಯದನ್ನು ಯಾರೂ ಕಣ್ಣೆತ್ತಿ ನೋಡಿರಲಿಲ್ಲ. ಷೂಗಳು ಡ್ರಮ್ಮಿಗೆ ತಗಲುವವರೆಗೆ ಬಿಗಿಮಾಡಿ, ಚಕ್ರವು ಸಲೀಸಾಗಿ ತಿರುಗುವಷ್ಟು ಮಾತ್ರ ಸಡಿಲಿಸಿದೊಡನೆ ಪೆಡಲು ಅರ್ಧಕ್ಕಿಂತ ಮೇಲಕ್ಕೆ ಬಂದಿತು. ಕೈ ಬ್ರೇಕು ಹಿಂದಿನ ಚಕ್ರಗಳ ಮೇಲೆ ಕೆಲಸಮಾಡುವ ಗಾಡಿಗಳಲ್ಲಿ ಮನೆಯಲ್ಲಿಯೇ ಇದನ್ನು ಪರೀಕ್ಷಿಸಬಹುದು: ಕೈ ಬ್ರೇಕನ್ನು ಎಳೆದು ಪೆಡಲು ಒತ್ತಿದಾಗ ಅದು ಮುಂಚಿಗಿಂತ ಮೇಲೆಯೇ ನಿಂತರೆ ಹಿಂದಿನ ಷೂಗಳು ದೂರವಾಗಿವೆಯೆಂದು ತಿಳಿಯಬೇಕು.

ಮೊದಲ ಒತ್ತಿಗೆ ಕೆಳಗೆ ಹೋಗಿ ಎರಡನೆಯ ಒತ್ತಿಗೆ ಮೇಲೆ ನಿಲ್ಲುವ ಪೆಡಲಿಗೆ ಬೇರೆ ಕಾರಣಗಳೂ ಉಂಟು. ಚಕ್ರದ ಬೇರಿಂಗು ಸಡಿಲವಾಗಿದ್ದರೆ, ಅಥವಾ ಡಿಸ್ಕಿನ ತಟ್ಟೆಯು ಡೊಂಕಾಗಿ ತಿರುಗಿದರೆ, ಓಡುವಾಗ ತಟ್ಟೆಯೇ ಪ್ಯಾಡುಗಳನ್ನು ಹಿಂದಕ್ಕೆ ತಳ್ಳಿಬಿಡುವುದು. ತಟ್ಟೆಯ ಡೊಂಕು ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗವಾದರೂ ಸಾಕು. ಮತ್ತೊಂದು, ಡ್ರಮ್ ಬ್ರೇಕಿನ ಮಾಸ್ಟರ್ ಸಿಲಿಂಡರುಗಳಲ್ಲಿ ಅನೇಕಕ್ಕೆ ಪೈಪಿನೊಳಗೆ ಸ್ವಲ್ಪ ಒತ್ತಡವನ್ನು ಯಾವಾಗಲೂ ಉಳಿಸಿಕೊಳ್ಳುವ ಒಂದು ಸಣ್ಣ ಕವಾಟವಿರುತ್ತದೆ. ಡ್ರಮ್ಮಿಗೆ ಅದು ಬೇಕು. ಡಿಸ್ಕಿಗೆ ಅಷ್ಟು ಒತ್ತಡವು ಬಾಧಕ. ಅದನ್ನು ತೆಗೆಯದೆ ಡಿಸ್ಕು ಹಾಕಿದರೆ ಪ್ಯಾಡುಗಳು ಸದಾ ತಟ್ಟೆಯನ್ನು ಸವರುತ್ತಿದ್ದು, ಕೆಲವು ಮೈಲಿ ಓಡಿದ ಮೇಲೆ ಕಾದು, ತಣ್ಣಗಿದ್ದಾಗ ಗಟ್ಟಿಯಾಗಿದ್ದ ಪೆಡಲು ಬಿಸಿಯಲ್ಲಿ ಮೆತ್ತಗಾಗುವುದು. ಒಂದಷ್ಟು ದೂರ ಓಡಿಸಿ ಬಂದು ಮುಂದಿನ ಚಕ್ರಗಳ ಸಮೀಪಕ್ಕೆ ಅಂಗೈಯನ್ನು ಒಯ್ದರೆ ಬಿಸಿಯು ತಾನೇ ಹೇಳುವುದು. ಮುಟ್ಟಬಾರದು, ಚರ್ಮ ಸುಡುವುದು.

ಇಷ್ಟಾಗಿಯೂ ಪೆಡಲು ಕೊಂಚ ಕೆಳಗೆಯೇ ನಿಂತರೆ? ಇಲ್ಲಿ ಲೆಕ್ಕದ ಮೇಷ್ಟರ ಕೆಲಸ ಬರುತ್ತದೆ. ನಾನು ಸಂಸ್ಕೃತದವನಾದರೂ ಇಷ್ಟು ಲೆಕ್ಕಕ್ಕೆ ಹೆದರತಕ್ಕವನಲ್ಲ. ಉದಾಹರಣೆಗಾಗಿ ಕೆಲವು ಅಳತೆಗಳನ್ನು ಇಟ್ಟುಕೊಳ್ಳೋಣ. ಹಳೆಯ ಡ್ರಮ್ಮಿನ ಚಕ್ರದಲ್ಲಿ ೨೨ ಮಿಲಿಮೀಟರ್ ವ್ಯಾಸದ ಎರಡು ಪಿಸ್ಟನ್ನುಗಳು ಅರ್ಧರ್ಧ ಮಿಲಿಮೀಟರ್ ಸರಿದರೆ ಬೇಕಾಗುವ ದ್ರವ ೦.೩೮ ಘನ ಸೆಂಟಿಮೀಟರು. ಹೊಸ ಕ್ಯಾಲಿಪರಿನ ೪೮ ಮಿಲಿಮೀಟರ್ ವ್ಯಾಸದ ಒಂದು ಪಿಸ್ಟನ್ನು ಅಷ್ಟೇ ಸರಿದರೆ ಬೇಕಾಗುವುದು ೦.೯೦. ಎರಡು ಚಕ್ರಗಳಿಗೆ ಸೇರಿ ಒಂದು ಘನ ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು ದ್ರವವು ಅಧಿಕವಾಗಿ ಬೇಕಾಯಿತು. ಮಾಸ್ಟರ್ ಸಿಲಿಂಡರಿನ ಒಳವ್ಯಾಸ ೧೯ ಮಿಲಿಮೀಟರ್ ಆಗಿದ್ದು, ಪೆಡಲಿನ ತೋಳು ಐದಕ್ಕೆ ಒಂದರ ಪ್ರಮಾಣದಲ್ಲಿದ್ದರೆ, ಪೆಡಲು ಸುಮಾರು ೧.೮ ಸೆಂಟಿಮೀಟರ್ ಹೆಚ್ಚು ಇಳಿಯಲೇಬೇಕು. ಇದು ದೋಷವಲ್ಲ, ಗಣಿತ. ಪೈಪಿನಲ್ಲಿ ಒಂದೇ ಒಂದು ಘನ ಸೆಂಟಿಮೀಟರು ಗಾಳಿಯಿದ್ದರೂ ಅದು ಹೆಚ್ಚುಕಡಮೆ ಅಷ್ಟೇ ದೂರವನ್ನು ಕದಿಯುವುದೆಂಬುದನ್ನು ಇದರೊಡನೆ ಹೋಲಿಸಿ ನೋಡಿ.

ಆಗ ದೊಡ್ಡ ಮಾಸ್ಟರ್ ಸಿಲಿಂಡರನ್ನು ಹಾಕಿಸಿದರೆ ಆಯಿತಲ್ಲ ಎನ್ನುವರು. ಆಗುವುದು, ಆದರೆ ಬೆಲೆ ತೆರಬೇಕು. ೧೯ರ ಬದಲು ೨೨ ಮಿಲಿಮೀಟರಿನದನ್ನು ಹಾಕಿದರೆ ಅದೇ ದ್ರವಕ್ಕೆ ಪೆಡಲಿನ ಓಟವು ಸುಮಾರು ಕಾಲುಭಾಗ ಕಡಮೆಯಾಗುವುದು. ಆದರೆ ಕಾಲಿನ ಒತ್ತಡವು ದೊಡ್ಡ ಮೈಮೇಲೆ ಹಂಚಿಹೋಗುವುದರಿಂದ, ಹಿಂದೆ ೧೫ ಕಿಲೋ ಭಾರದಿಂದ ನಿಲ್ಲುತ್ತಿದ್ದ ಗಾಡಿಗೆ ಈಗ ೨೦ ಕಿಲೋ ಭಾರ ಬೇಕಾಗುವುದು. ಯುವಕರ ಕಾಲಿಗೆ ಇದು ಗಣನೆಗೆ ಬಾರದು. ನೆರೆಯವರಿಗೆ ಮಂಡಿನೋವು, ಅವರಿಲ್ಲದಾಗ ಗಾಡಿ ಓಡಿಸುವವರು ಅವರ ಸೊಸೆ. ಈ ಲೆಕ್ಕವನ್ನು ನಾನು ಕಾಗದದ ಮೇಲೆ ಬರೆದು ತೋರಿಸಲು, ಅವರು ಬಹಳ ಹೊತ್ತು ಯೋಚಿಸಿ, ದೊಡ್ಡ ಸಿಲಿಂಡರು ಬೇಡವೆಂದರು. ಮೇಸ್ತ್ರಿಗಳೂ ಒಪ್ಪಿದರು. ಬಲವಾಗಿ ಒತ್ತಿ ಹಿಡಿದಾಗ ಪೆಡಲಿನ ಕೆಳಗೆ ಅದರ ಓಟದ ಮೂರನೆಯ ಒಂದು ಭಾಗಕ್ಕೆ ಕಡಮೆಯಿಲ್ಲದಂತೆ ತೆರಪು ಉಳಿದಿರುವುದಾದರೆ, ನಿಂತ ಪೆಡಲು ಕುಸಿಯದಿದ್ದರೆ, ಅದನ್ನು ಹಾಗೆಯೇ ಬಿಡುವುದು ಮೇಲೆಂದು ನನ್ನ ಅಭಿಪ್ರಾಯ. ತೆರಪು ಅದಕ್ಕಿಂತ ಕಡಮೆಯಾದರೆ ಮಾತ್ರ ಸಿಲಿಂಡರಿನ ವಿಚಾರ.

"ನಾಲ್ಕು ದಿನ ಓಡಿಸಿದರೆ ಗಟ್ಟಿಯಾಗತ್ತೆ" ಎಂಬ ಮಾತಿನಲ್ಲಿ ಸತ್ಯದ ಲೇಶವಿಲ್ಲವೆಂದಲ್ಲ. ಹೊಸ ಪ್ಯಾಡಿನ ಮೈಯೂ ತಟ್ಟೆಯ ಮೈಯೂ ಪೂರ್ತಿ ಒಂದಕ್ಕೊಂದು ಕೂಡಿಕೊಳ್ಳಲು ಹಲವು ಬಾರಿ ಮಿತವಾದ ವೇಗದಿಂದ ನಿಲ್ಲಿಸಿ ಪಳಗಿಸಬೇಕು. ಅದರಿಂದ ಹಿಡಿತವು ಉತ್ತಮವಾಗುವುದು, ಪೆಡಲೂ ಅಲ್ಪಸ್ವಲ್ಪ ಬಿಗಿಯುವುದು. ಆದರೆ ಪಳಗಿದ ಪ್ಯಾಡು ಗಾಳಿಯನ್ನು ನುಂಗಲಾರದು, ತಿರುಗುಮುರುಗಾದ ಕ್ಯಾಲಿಪರನ್ನು ತಿರುಗಿಸಲಾರದು. ಆ ಪಳಗಿಸುವ ಕೆಲಸವನ್ನಾದರೂ ಪೆಡಲು ನೆಲೆನಿಂತ ಮೇಲೆ, ಜನಸಂಚಾರವಿಲ್ಲದ ಸಮರಸ್ತೆಯಲ್ಲಿ, ಒಬ್ಬರೇ ಕುಳಿತು ಮಾಡತಕ್ಕದ್ದು. ಗಾಡಿಯಲ್ಲಿ ಮಾರ್ಪಾಡು ಮಾಡುವವರು ೧೯೮೮ರ ಮೋಟಾರು ವಾಹನಗಳ ಕಾಯಿದೆಯ ೫೨ನೆಯ ಕಲಮನ್ನು ಗಮನದಲ್ಲಿಟ್ಟುಕೊಂಡು ಸಾರಿಗೆ ಕಛೇರಿಯಲ್ಲಿ ಮೊದಲೇ ವಿಚಾರಿಸಿಕೊಳ್ಳುವುದೂ ಯುಕ್ತ.

ಕಡೆಯಲ್ಲಿ ದ್ರವದ ವಿಷಯ. ಜನರು ಇದನ್ನು ಆಯಿಲೆನ್ನುವರು. ಇದು ಎಣ್ಣೆಯ ಜಾತಿಯದೇ ಅಲ್ಲ. ಇಂಜಿನ್ನಿನ ಎಣ್ಣೆಯನ್ನು ಒಂದು ಚಮಚೆ ಬೆರಸಿದರೂ ಬ್ರೇಕಿನೊಳಗಿನ ರಬ್ಬರುಗಳು ಊದಿಕೊಂಡು ಎಲ್ಲವೂ ಕೆಡುವುದು. ಡಬ್ಬಿಯ ಮೇಲೆ ಡಾಟ್ ೩, ಡಾಟ್ ೪ ಎಂದು ಬರೆದಿರುವುದು. ಹೊಸದಾದ ಡಾಟ್ ೩ ಕನಿಷ್ಠ ೨೦೫ ಡಿಗ್ರಿ ಸೆಂಟಿಗ್ರೇಡಿನವರೆಗೆ ಕುದಿಯಬಾರದೆಂದೂ, ಡಾಟ್ ೪ ಆದರೆ ೨೩೦ರವರೆಗೆ ಕುದಿಯಬಾರದೆಂದೂ ನಿಯಮ. ಆದರೆ ಇವು ಮಳೆಗಾಲದ ಉಪ್ಪಿನಂತೆ ಗಾಳಿಯ ತೇವವನ್ನು ಹೀರಿಕೊಳ್ಳುವುವು. ಹೀಗೆ ತೇವಗೊಂಡ ದ್ರವಕ್ಕೆ ಆ ಮಿತಿಯು ಕ್ರಮವಾಗಿ ೧೪೦ಕ್ಕೂ ೧೫೫ಕ್ಕೂ ಇಳಿಯುವುದು. ಆದುದರಿಂದ ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಾಯಿಸಬೇಕು. ಬಹುಕಾಲದ ಹಿಂದೆ ಮುಚ್ಚಳ ತೆರೆದಿಟ್ಟ ಸೀಸೆಯ ದ್ರವವನ್ನು ಬಳಸಬಾರದು. ಡಾಟ್ ೫ ಎಂಬುದು ಬೇರೆ ಜಾತಿ, ಇವುಗಳೊಡನೆ ಬೆರೆಯತಕ್ಕದ್ದಲ್ಲ. ಗಾಡಿಯ ಬಣ್ಣದ ಮೇಲೆ ಈ ದ್ರವದ ಹನಿ ಬಿದ್ದರೆ ಬಣ್ಣವೇ ಕಿತ್ತುಬರುವುದು. ಒರಸದೆ ಕೂಡಲೆ ಧಾರಾಳವಾಗಿ ನೀರು ಹೊಯ್ಯಬೇಕು. ಇದು ವಿಷ, ನೋಡುವುದಕ್ಕೆ ಮಾತ್ರ ತಿಳಿಯಾದ ಜೇನುತುಪ್ಪದ ಬಣ್ಣ. ಮಿಕ್ಕ ದ್ರವವನ್ನು ಷರಬತ್ತಿನ ಹಳೆಯ ಸೀಸೆಗೆ ತುಂಬಿ ಅಡಿಗೆಮನೆಯ ಕಪಾಟಿನಲ್ಲಿಡುವ ಮನೆಗಳನ್ನು ನಾನು ಕಂಡಿದ್ದೇನೆ. ಅದನ್ನು ಅದರ ಸ್ವಂತ ಡಬ್ಬಿಯಲ್ಲಿಯೇ ಬಿಗಿಯಾಗಿ ಮುಚ್ಚಿ, ಮಕ್ಕಳ ಕೈಗೆಟುಕದಂತೆ ಗಾಡಿ ನಿಲ್ಲಿಸುವ ಕಡೆಯ ಎತ್ತರದ ಗೂಡಿನಲ್ಲಿಡತಕ್ಕದ್ದು.